ಕರ ಅಂತ ಹೆಸರಿಡ್ತೀಯೇನೋ?

ಹೋದ ತಿಂಗಳು ಈ ಅಂಕಣ ಬರಲಿಲ್ಲ. ಕಾರಣದ ತೂಕ 3 ಕೆಜಿ 100 ಗ್ರಾಂ. ಗಂಡು ಮಗು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ. ಅಪ್ಪನಾದವನಿಗೆ ಮಾತ್ರ ನಿದ್ದೆ ಇಲ್ಲ.

ಆಸ್ಪತ್ರೆಯಿಂದ ಬರುವಾಗ ಕೊಟ್ಟ ಕಾಗದದಲ್ಲಿ ಮಗುವಿನ ಹೆಸರಿನ ಜಾಗದಲ್ಲಿ ‘ಬೇಬಿ ಆಫ್’ ಅಂತ ಬರೆದು ಮುಂದೆ ನನ್ನ ಹೆಂಡತಿಯ ಹೆಸರು ಹಾಕಿದ್ದರು. ಜನನ ನೋಂದಣಿಗೆ 21 ದಿನ. ಹೆಸರು ಸೇರಿಸೋಕೆ 12 ತಿಂಗಳು ಟೈಮಿದೆ, ಅದೂ ಶುಲ್ಕವಿಲ್ಲದೆ. ಆಮೇಲೂ ತಡವಾದದ್ದಕ್ಕೆ ದುಡ್ಡು ಕಟ್ಟಿ 15 ವರ್ಷದವರೆಗೆ ಸೇರಿಸಬಹುದು. ಇಷ್ಟು ಉದಾರವಾದ ಡೆಡ್‌ಲೈನನ್ನು ನಮಗೆ ಯಾವ ಕ್ಲೈಂಟೂ ಕೊಟ್ಟಿಲ್ಲ. ಆದರೆ 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್ ಎಲ್ಲದಕ್ಕೂ ಹುಟ್ಟಿದ ದಿನದ ದಾಖಲೆ ಅಂದರೆ ಜನನ ಪ್ರಮಾಣಪತ್ರವೇ. ಇವತ್ತು ಅದರಲ್ಲಿ ಬರೆಸಿದ ಕಾಗುಣಿತ ಅವನ ಜೊತೆ ಎಲ್ಲ ಕಡೆ ಓಡಾಡುತ್ತೆ. ಹಾಗಾಗಿ ಅವಸರ ಬೇಡ ಅಂದುಕೊಂಡೆವು.

ನನ್ನದು ಒಂದೇ ಷರತ್ತು. ಹೆಸರಿನ ಅರ್ಥದಲ್ಲಿ ಪ್ರೀತಿ ಇರಬೇಕು.

“ಯಾಕೆ?” ಅಂದಳು ಇವಳು. ಸುಮ್ನೆ ಅಂದೆ.

ಸುಮ್ನೆ ಅಲ್ಲ. ನನ್ನ ಹೆಸರು ವಿಜಯ್. ನಮ್ಮ ಕ್ಲಾಸಿನಲ್ಲಿ ಇನ್ನೊಬ್ಬ ವಿಜಯ್ ಇದ್ದ. ಒಬ್ಬ ಅಜಯ್, ಒಬ್ಬ ಅಭಿಜಿತ್, ಒಬ್ಬ ವಿಕ್ರಮ್. ಹುಡುಗಿಯರ ಸಾಲಿನಲ್ಲಿ ಮಮತಾ, ಸ್ನೇಹಾ, ಪ್ರೀತಿ. ಪಾಠ ಮಾಡುತ್ತಿದ್ದ ಟೀಚರ್ ವತ್ಸಲಾ. ಗೆಲ್ಲೋ ಕೆಲಸ ನಮಗೆ, ಪ್ರೀತಿ ಮಾಡೋ ಕೆಲಸ ಅವರಿಗೆ ಅಂತ ಹಾಜರಿ ಪುಸ್ತಕದಲ್ಲೇ ಹಂಚಿಕೆ ಆಗಿಹೋಗಿತ್ತು. ಇದನ್ನು ನಾನು ಗಮನಿಸಿದ್ದು ಮೂವತ್ತು ವರ್ಷ ಆದಮೇಲೆ, ಮಗು ತೊಡೆ ಮೇಲೆ ಮಲಗಿದ್ದಾಗ.

ಸರಿ, ಎಕ್ಸೆಲ್ ಶೀಟ್ ತೆಗೆದೆ. (ನಗಬೇಡಿ, ನೀವೂ ತೆಗೀತೀರಿ.) ಮೊದಲ ಸಾಲಿನಲ್ಲಿ ಮನ್ಮಥನ ಕುಟುಂಬ: ಮದನ್, ಅನಂಗ, ಪ್ರದ್ಯುಮ್ನ. ಶಿವನ ಕಣ್ಣಿಗೆ ಸುಟ್ಟುಹೋಗಿ ಮೈಯೇ ಇಲ್ಲದವನು ಅನಂಗ, ಅವನೇ ಕೃಷ್ಣನ ಮಗನಾಗಿ ಮತ್ತೆ ಹುಟ್ಟಿದಾಗ ಪ್ರದ್ಯುಮ್ನ. ಕತೆ ಚೆನ್ನಾಗಿದೆ. ಆದರೆ ಪ್ರೀತಿಯ ದೇವರನ್ನು ನಾವು ಪ್ರತಿ ವರ್ಷ ಕಾಮನ ಹಬ್ಬದಲ್ಲಿ ಸೌದೆ ಕದ್ದು ತಂದು ಸುಡೋ ಜನ. ಮಗನಿಗೆ ಅವನ ಹೆಸರು ಯಾಕೋ ಬೇಡ ಅನ್ನಿಸಿತು. ಪ್ರಣಯ್ ಅಂದರೆ ಸಿನಿಮಾ ಹಾಡಿನ ವಾಸನೆ. ಪ್ರೀತಮ್ ಹಿಂದಿಯಿಂದ ಬಂದವನು, ಒಳ್ಳೆಯವನೇ. ಅನುರಾಗ್ ಬಹಳ ಹಿಡಿಸಿತು. ಅದರೊಳಗಿನ ‘ರಾಗ’ಕ್ಕೆ ಬಣ್ಣ, ಕೆಂಪು ಅಂತಲೂ ಅರ್ಥ. ಸ್ನೇಹಿತ್ ಅನ್ನೋದನ್ನು ಹುಡುಕುತ್ತಾ ಹೋದಾಗ ಸಂಸ್ಕೃತದಲ್ಲಿ ‘ಸ್ನೇಹ’ ಅಂದರೆ ಎಣ್ಣೆ, ಜಿಡ್ಡು ಅಂತಲೂ ಆಗುತ್ತೆ ಅಂತ ಗೊತ್ತಾಯಿತು. ಆಯುರ್ವೇದದವರು ಇವತ್ತಿಗೂ ಅದೇ ಅರ್ಥದಲ್ಲಿ ಬಳಸುತ್ತಾರೆ. ಆ ಹೊತ್ತಿಗೆ ಒಳಗೆ ನಮ್ಮಜ್ಜಿ ಮಗುವಿಗೆ ಎಣ್ಣೆ ತಿಕ್ಕುತ್ತಾ ಕೂತಿದ್ದರು. ನಿಘಂಟು ಸರಿಯಾಗೇ ಹೇಳ್ತಿದೆ ಅನ್ನಿಸಿತು.

ಹೆಸರಿನ ವೆಬ್‌ಸೈಟುಗಳನ್ನು ಮಾತ್ರ ನಂಬಬೇಡಿ. ಒಂದೇ ಹೆಸರಿಗೆ ಒಂದು ಕಡೆ ‘ಪ್ರೀತಿ’, ಇನ್ನೊಂದು ಕಡೆ ‘ಸೂರ್ಯಕಿರಣ’, ಮತ್ತೊಂದು ಕಡೆ ‘ಶ್ರೀಕೃಷ್ಣ’. ಅರ್ಥ ಸಿಗದಿದ್ದರೆ ಶ್ರೀಕೃಷ್ಣ ಅಂತ ಬರೆದು ಕೈ ತೊಳ್ಕೊಳ್ತಾರೆ.

ಅಜ್ಜಿ ನನ್ನ ಪಟ್ಟಿಗೆ ಬಾಯಿಯಿಂದಲೇ ಟೆಸ್ಟಿಂಗ್ ಮಾಡಿದರು. ಅನುರಾಗ್ ‘ಅನ್‌ರಾಗು’ ಆಯಿತು. ಪ್ರಣಯ್ ‘ಪಣಾಯಿ’ ಆಗಿ ಹೊರಬಂತು. ಕೊನೆಯಲ್ಲಿ ಸ್ವರ ಇಲ್ಲದ ಹೆಸರು ನಮ್ಮ ಹಳೇ ನಾಲಿಗೆಗೆ ಕೂರೋದಿಲ್ಲ, ಏನಾದರೂ ಒಂದು ಬಾಲ ಹಚ್ಚಲೇಬೇಕು.

ಅಷ್ಟರಲ್ಲಿ ಜೋಯಿಸರ ಫೋನು. ನಕ್ಷತ್ರ ರೋಹಿಣಿ, ಅಕ್ಷರ ಓ, ವಾ, ವಿ, ವು. ರೋಹಿಣಿಯಲ್ಲಿ ಗಂಡು ಹುಟ್ಟಿದರೆ ಸೋದರಮಾವನಿಗೆ ಆಗಲ್ಲ ಅನ್ನೋ ಮಾತು ನಿಮಗೂ ಗೊತ್ತಿರುತ್ತೆ, ಕೃಷ್ಣ–ಕಂಸರ ಲೆಕ್ಕ. ನನ್ನ ಭಾಮೈದ ಅಮೆರಿಕದಿಂದ ವಿಡಿಯೋ ಕಾಲ್ ಮಾಡಿ, “ಭಾವ, ನಾನು ಇಲ್ಲೇ ಇರ್ತೀನಿ ಬಿಡಿ” ಅಂದ.

ಪಟ್ಟಿ ಚಿಕ್ಕದಾಯಿತು. ‘ಒಲವು’ ಇವಳಿಗೆ ಇಷ್ಟ. ಆದರೆ ಅದು ಹುಡುಗಿ ಹೆಸರು ಅಂತ ಅವರಮ್ಮ ಕಡ್ಡಿ ಮುರಿದಂಗೆ ಹೇಳಿದರು. ವಲ್ಲಭ ಅಂದರೆ ಪ್ರಿಯನಾದವನು. ಖುಷಿಯಾಗಿ ಹುಡುಕಿದರೆ ಬಾದಾಮಿ ಚಾಲುಕ್ಯರ ಬಿರುದು ‘ಶ್ರೀಪೃಥ್ವೀವಲ್ಲಭ’ ಎದುರಾಯಿತು. ಸಿರಿಗೂ ಭೂಮಿಗೂ ಪ್ರಿಯನಾದವನಂತೆ! ಗಂಡಸಿಗೆ ಪ್ರೀತಿಯ ಹೆಸರು ಕೊಟ್ಟರೂ ಒಳಗೊಂದು ರಾಜ್ಯ ಇರಲೇಬೇಕೇನೋ.

ಇದನ್ನೇ ಗೊಣಗುತ್ತಿದ್ದೆ. ಅಜ್ಜಿ ಎಣ್ಣೆ ಕೈ ಒರೆಸಿಕೊಳ್ಳುತ್ತಾ, “ನಿಮ್ಮ ಮುತ್ತಾತುನ್ ಹೆಸ್ರು ಗೊತ್ತೇನ್ಲಾ? ಮುದ್ದೇಗೌಡ” ಅಂದರು.

ಆ ಹೆಸರು ನನಗೆ ಗೊತ್ತಿತ್ತು. ಪಹಣಿಯಲ್ಲಿ ನೋಡಿದ್ದೆ. ಆದರೆ ಅದರಲ್ಲಿ ‘ಮುದ್ದು’ ಇದೆ ಅಂತ ಒಂದು ದಿನವೂ ಕಿವಿಗೆ ಬಿದ್ದಿರಲಿಲ್ಲ. ನಮ್ಮ ಹಾಸನ–ಮಂಡ್ಯ ಕಡೆ ಮುದ್ದೇಗೌಡರು, ಮುದ್ದಯ್ಯಂದಿರು ಎಷ್ಟು ಜನ! ಕೊಡಗಿನಲ್ಲಿ ಮುದ್ದಪ್ಪ. ಹೈಸ್ಕೂಲಿನಲ್ಲಿ ಓದಿದ ಮುದ್ದಣ ನೆನಪಿದೆಯಾ? ಉಡುಪಿಯಲ್ಲಿ ಮಕ್ಕಳಿಗೆ ಡ್ರಿಲ್ ಹೇಳಿಕೊಡುತ್ತಿದ್ದ ನಂದಳಿಕೆಯ ಲಕ್ಷ್ಮೀನಾರಣಪ್ಪ, ಕಾವ್ಯದ ಒಳಗೆ ಮುದ್ದಣನಾಗಿ ಮನೋರಮೆಗೆ ಕತೆ ಹೇಳುತ್ತಾ ಕೂತವರು. ಗಿರಿಜಾ ಮೀಸೆ ಬಿಟ್ಟು, ಹೆಗಲ ಮೇಲೆ ನೇಗಿಲು ಹೊತ್ತು, ಜಮೀನಿನ ವ್ಯಾಜ್ಯಕ್ಕೆ ಕೋರ್ಟು ಮೆಟ್ಟಿಲು ಹತ್ತಿದ ನಮ್ಮ ಮುತ್ತಾತ, ಜವಾನ ಕಟಕಟೆಗೆ ‘ಮುದ್ದೇಗೌಡಾ’ ಅಂತ ಕೂಗಿದಾಗ ಏನೂ ನಾಚಿಕೊಂಡಿರಲಿಕ್ಕಿಲ್ಲ. ಗಂಡಸರಿಗೆ ಪ್ರೀತಿಯ ಹೆಸರಿಲ್ಲ ಅಂತ ನಾನು ಎಕ್ಸೆಲ್‌ನಲ್ಲಿ ಹುಡುಕುತ್ತಿದ್ದೆ. ಅದು ಪಹಣಿಯಲ್ಲಿತ್ತು.

ಹಾಗಾದರೆ ಅದನ್ನೇ ಇಡಬಹುದಿತ್ತಲ್ಲ ಅಂತೀರಿ. ಧೈರ್ಯ ಸಾಲಲಿಲ್ಲ. ಬೆಂಗಳೂರಿನ ಶಾಲೆಯಲ್ಲಿ ಹುಡುಗರು ಅವನನ್ನು ಬಿಡ್ತಾರಾ? ನಾನು ಪುಕ್ಕಲ, ಒಪ್ಕೋತೀನಿ.

ಪಟ್ಟಿಯಲ್ಲಿ ಉಳಿದದ್ದು ವತ್ಸ. ಸಂಸ್ಕೃತದಲ್ಲಿ ಹಾಗಂದರೆ ಕರು. ಹಸುವಿಗೆ ಕರುವಿನ ಮೇಲಿರೋದೇ ವಾತ್ಸಲ್ಯ. ಆಫೀಸಿನ ಗೆಳೆಯ ಒಬ್ಬ, “ಬೇಡ ಮಗಾ, ನೀನು ಕರೆದಾಗಲೆಲ್ಲ ಪೌರಾಣಿಕ ಸಿನಿಮಾದಲ್ಲಿ ಋಷಿ ವರ ಕೊಟ್ಟಂಗಿರುತ್ತೆ” ಅಂದ. ಅದೂ ನಿಜವೇ.

ಊರಿಗೆ ಫೋನ್ ಮಾಡಿ ಅಪ್ಪನಿಗೆ ಹೇಳಿದೆ. ನಮ್ಮದು ಚನ್ನರಾಯಪಟ್ಟಣದ ಹತ್ತಿರ ಹಳ್ಳಿ. ಅಪ್ಪ ಇವತ್ತಿಗೂ ಎರಡು ಸೀಮೆಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕ್ತಾರೆ. ನಮ್ಮ ಕಡೆ ಕರುವಿಗೆ ಕರ ಅನ್ನೋದು.

“ಅಂಗಂದ್ರೇನು?” ಅಂದರು. ಹೇಳಿದೆ.

“ಕರ ಅಂತ ಹೆಸರಿಡ್ತೀಯೇನೋ ಮಗೀಗೆ!” ಅಂತ ಅಪ್ಪ ನಕ್ಕಿದ್ದು ನಿಲ್ಲಲಿಲ್ಲ. ಆ ಕಡೆಯಿಂದ ಅಮ್ಮ ಏನಾಯ್ತು ಅಂತ ಕೇಳೋದು ಕೇಳಿಸಿತು.

ಇಲ್ಲಿ ಒಂದು ವಿಷಯ ಹೇಳಬೇಕು. ಚಿಕ್ಕವನಿದ್ದಾಗ ನನಗೆ ಕರುಗಳನ್ನು ಕಂಡರೆ ಹೊಟ್ಟೆಕಿಚ್ಚು. ಅಪ್ಪ ಕೊಟ್ಟಿಗೆಯಲ್ಲಿ ಮಾತಾಡ್ತಿದ್ದ ದನಿಯೇ ಬೇರೆ. “ಬಾ ನನ್ ಕೂಸೇ, ಕುಡಿ, ಯಾಕವ್ವ ಬೇಜಾರು” ಅಂತ ಕತ್ತು ತುರಿಸುತ್ತಾ ಎಷ್ಟು ಹೊತ್ತು ಬೇಕಾದರೂ ನಿಲ್ತಿದ್ದರು. ನನ್ನ ಹತ್ತಿರ ಆಡ್ತಿದ್ದದ್ದು ಫೀಸು, ಮಾರ್ಕ್ಸು, ಮೋಟರು ಆಫ್ ಮಾಡಿದೆಯಾ. ಎಂಜಿನಿಯರಿಂಗ್‌ನಲ್ಲಿ ಒಂದು ಮ್ಯಾಥ್ಸ್ ಪೇಪರ್ ಫೇಲಾಗಿ ಊರಿಗೆ ಹೋದಾಗ ನನಗೊಂದು ಮಾತೂ ಆಡದೆ ಕೊಟ್ಟಿಗೆಗೆ ಹೋದರು. ಅಲ್ಲಿ ಕರುವಿನ ಹತ್ತಿರ, “ಅಣ್ಣ ಬಂದವ್ನೆ ಕಣೋ, ಸೊರಗವ್ನೆ” ಅಂತಿದ್ದರು. ನಾನು ಗೋಡೆ ಈಚೆ ನಿಂತು ಕೇಳಿಸಿಕೊಂಡೆ. ಬೈದಿದ್ದರೆ ವಾಸಿಯಿತ್ತು ಅನ್ನಿಸಿತ್ತು ಆಗ.

ಮಗು ಮನೆಗೆ ಬಂದ ಒಂದು ವಾರಕ್ಕೆ ಇವಳು ಕೇಳಿದಳು, “ನೀನ್ಯಾಕೆ ಅವನ ಹತ್ರ ಮಾತೇ ಆಡಲ್ಲ? ಲ್ಯಾಪ್‌ಟಾಪ್ ಹಿಡ್ಕೊಂಡಂಗೆ ಹಿಡ್ಕೋತೀಯ.” ಡೈಪರ್ ಬದಲಿಸ್ತೀನಿ, ರಾತ್ರಿ ಎರಡಕ್ಕೆ ಎದ್ದು ಹೆಗಲ ಮೇಲೆ ಹಾಕ್ಕೊಂಡು ಹಾಲು ಉದ್ದ ಓಡಾಡ್ತೀನಿ. ಎಲ್ಲ ಸರಿ. ಬಾಯಿ ಮಾತ್ರ ಬರಲ್ಲ. ಏನಂತ ಕರೆಯೋದು? ಬಂಗಾರ, ಚಿನ್ನ, ಪುಟ್ಟ ಎಲ್ಲ ಗಂಟಲ ತನಕ ಬಂದು ನಿಲ್ಲುತ್ತೆ.

ಆವತ್ತು ಅವಳಿಗೆ ನಿಜ ಹೇಳಿದೆ. ಹೆಸರಿನೊಳಗೇ ಪ್ರೀತಿ ಇಟ್ಟುಬಿಟ್ಟರೆ ಊಟಕ್ಕೆ ಕರೆದರೂ, ಬೈಯೋಕೆ ಕರೆದರೂ ಹೇಳಿದಂಗೆ ಆಗುತ್ತಲ್ಲ, ಬೇರೆ ಹೇಳೋ ತೊಂದರೆ ಇರಲ್ಲ ಅಂತ. ಅವಳು ನನ್ನನ್ನೇ ನೋಡಿ, “ಅದಕ್ಕೂ ಶಾರ್ಟ್‌ಕಟ್ಟಾ?” ಅಂದಳು. ಆಮೇಲೆ ಶೀಟ್‌ನಲ್ಲಿ ವತ್ಸ ಅನ್ನೋ ಸಾಲನ್ನು ಹಸಿರು ಮಾಡಿದವಳು ಅವಳೇ.

ಹೋದ ಭಾನುವಾರ ನಾಮಕರಣ ಆಯಿತು. ತಟ್ಟೆಯಲ್ಲಿ ಅಕ್ಕಿ ಹರಡಿ ಉಂಗುರದಲ್ಲಿ ಬರೆಸಿದರು. ಒತ್ತಕ್ಷರ ಬರೆಯೋಕೆ ಜಾಗ ಸಾಲದೆ ಎರಡು ಸಲ ಅಳಿಸಿದೆ. ಆಮೇಲೆ ಮಗುವಿನ ಬಲಗಿವಿಯಲ್ಲಿ ಮೂರು ಸಲ ಹೇಳಬೇಕು. ಬಗ್ಗಿದೆ. ಎಣ್ಣೆ, ಹಾಲು, ಸಾಂಬ್ರಾಣಿ ಎಲ್ಲ ಕಲೆತ ವಾಸನೆ. ಮೊದಲ ಸಲ ಹೇಳಿದ್ದು ನನಗೇ ಕೇಳಿಸಲಿಲ್ಲ.

“ಅದೇನು ಗುಟ್ಟೇನೋ? ಗಟ್ಟಿಯಾಗೇಳು” ಅಂದರು ಅಪ್ಪ, ಹಿಂದಿನಿಂದ.

ಈಗ ಅಪ್ಪ ದಿನಾ ಸಂಜೆ ಡೈರಿಯಿಂದ ಬಂದ ಮೇಲೆ ಫೋನ್ ಮಾಡ್ತಾರೆ. ವತ್ಸ ಅಂತ ಇನ್ನೂ ಒಂದು ಸಲವೂ ಅಂದಿಲ್ಲ. “ಕರ ಏನ್ಮಾಡ್ತೈತೆ?” ಅಂತಲೇ ಶುರು. ಆಮೇಲೆ ಫೋನನ್ನು ಅವನ ಕಿವಿ ಹತ್ತಿರ ಹಿಡಿ, ಸ್ಪೀಕರ್ ಹಾಕಬೇಡ ಅಂತಾರೆ. ನಾನು ಹಾಕಲ್ಲ. ಆದರೆ ಅಪ್ಪನ ದನಿ ಜೋರು. ಫೋನ್ ಹಿಡಿದು ಪಕ್ಕದಲ್ಲಿ ಕೂತವನಿಗೆ ಎಲ್ಲ ಕೇಳಿಸುತ್ತೆ.