ವೀರಚರಿತೆಗೆ ಒರೆಗಲ್ಲು: ವಿಶ್ವಕೋಶದಲ್ಲಿ ಸೈನಿಕ ಕ್ರೀಡಾಳುವಿನ ಬಾಳು

ಕನ್ನಡದಲ್ಲಿ ವಿಶ್ವಕೋಶದ ಕೆಲಸಕ್ಕೆ ಗೌರವಾರ್ಹವಾದ ಪರಂಪರೆಯಿದೆ. ಶಿವರಾಮ ಕಾರಂತರು 1930ರ ದಶಕದಲ್ಲಿಯೇ ‘ಬಾಲಪ್ರಪಂಚ’ದ ಸಂಪುಟಗಳನ್ನು ಹೊರತಂದರು. ಮೈಸೂರು ವಿಶ್ವವಿದ್ಯಾನಿಲಯದ ‘ಕನ್ನಡ ವಿಶ್ವಕೋಶ’ದ ಮೊದಲ ಸಂಪುಟ 1969ರಲ್ಲಿ ಪ್ರಕಟವಾಯಿತು, ಹದಿನಾಲ್ಕು ಸಂಪುಟಗಳು ಪೂರ್ಣಗೊಳ್ಳುವ ಹೊತ್ತಿಗೆ ಮೂರು ದಶಕಗಳಿಗೂ ಹೆಚ್ಚು ಕಾಲ ಸಂದಿತ್ತು. ಅಲ್ಲಿ ಲೇಖನದ ಕೊನೆಗೆ ಬರೆದವರ ಹೆಸರಿನ ಮೊದಲಕ್ಷರಗಳಿರುತ್ತಿದ್ದವು. ಅದರ ಹಿಂದೆ ಸಂಪಾದಕ ಮಂಡಲಿಯ ಕಣ್ಣಿರುತ್ತಿತ್ತು. ತಪ್ಪಾದರೆ ಯಾರನ್ನು ಕೇಳಬೇಕೆಂಬುದು ಓದುಗನಿಗೆ ತಿಳಿದಿತ್ತು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ರೀತಿಯೇ ಬೇರೆ. ಅಲ್ಲಿ ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ಹಾಗಿದ್ದಲ್ಲಿ ಬರಹದ ಹೊಣೆ ಯಾರದು? ಈ ಪ್ರಶ್ನೆಗೆ ಅಂತರ್ಜಾಲದ ವಿಶ್ವಕೋಶವು ಕಂಡುಕೊಂಡಿರುವ ಉತ್ತರಗಳಲ್ಲಿ ಮುಖ್ಯವಾದದ್ದು ಸಹವಿಮರ್ಶೆ.

ಸಹವಿಮರ್ಶೆಯ ಕ್ರಮ ಸರಳವಾದುದು. ಲೇಖನವೊಂದನ್ನು ಬೆಳೆಸಿದವರು ಅದನ್ನು ಇತರ ಬರಹಗಾರರ ಮುಂದಿಟ್ಟು ದೋಷಗಳನ್ನು ತೋರಿಸಿಕೊಡುವಂತೆ ಕೋರುತ್ತಾರೆ. ಬಂದವರು ಸಾಲುಸಾಲಾಗಿ ಓದಿ ಕೇಳುತ್ತಾರೆ: ಈ ಮಾತಿಗೆ ಆಕರವೇನು? ಆ ಆಕರ ನಾಯಕನಿಗೆ ಎಷ್ಟು ಹತ್ತಿರದ್ದು? ಇಲ್ಲಿರುವುದು ವರದಿಯೋ ಹೊಗಳಿಕೆಯೋ? ಬರೆದವರು ಒಂದೊಂದಕ್ಕೂ ಉತ್ತರ ಕೊಡಬೇಕು, ಇಲ್ಲವೇ ತಿದ್ದಬೇಕು. ಈ ಸಂವಾದವೆಲ್ಲ ಮುಂದಿನ ಓದುಗರಿಗೂ ಕಾಣುವಂತೆ ಉಳಿಯುತ್ತದೆ. ವಿದ್ವತ್‌ಪತ್ರಿಕೆಗಳ ಪರಿಶೀಲನೆ ಮುಚ್ಚಿದ ಕೋಣೆಯಲ್ಲಿ ನಡೆದರೆ, ಇದು ಜಗಲಿಯ ಮೇಲೆ ನಡೆಯುತ್ತದೆ. ಇಂಗ್ಲಿಷಿನಲ್ಲಿ ರೂಢಿಯಾಗಿರುವ ಈ ಪದ್ಧತಿ ಕನ್ನಡದಲ್ಲಿ ಇನ್ನೂ ಬೇರೂರಿಲ್ಲ. ಅದು ಬೇರೂರಬೇಕು, ಬೇರೂರಿಸುವ ಹೊಣೆಯಲ್ಲಿ ಕನ್ನಡ ವಿಭಾಗಗಳಿಗೂ ಪಾಲಿದೆ ಎಂಬುದು ಈ ಲೇಖನದ ನಿಲುವು.

ಈ ನಿಲುವನ್ನು ಪರೀಕ್ಷಿಸಲು ಸೈನಿಕ ಕ್ರೀಡಾಳುವಿನ ಜೀವನಚಿತ್ರಕ್ಕಿಂತ ಕಠಿಣವಾದ ಉದಾಹರಣೆ ಸಿಗಲಾರದು. ಸೈನಿಕನಿಗೆ ನಾಡಿನ ಕೃತಜ್ಞತೆಯ ರಕ್ಷೆಯಿದೆ; ಕ್ರೀಡಾಳುವಿಗೆ ಜನದ ಅಭಿಮಾನದ ರಕ್ಷೆಯಿದೆ. ಎರಡೂ ಒಬ್ಬನಲ್ಲಿ ಕೂಡಿದಾಗ ಅವನ ಬಗೆಗಿನ ಮಾತನ್ನು ಪ್ರಶ್ನಿಸುವುದೇ ಕೃತಘ್ನತೆಯೆಂಬ ಭಾವನೆ ಹುಟ್ಟುತ್ತದೆ. ಇಂಥ ವ್ಯಕ್ತಿಗಳಲ್ಲಿ ಅಗ್ರಗಣ್ಯರು ಹಾಕಿ ಆಟಗಾರ ಧ್ಯಾನ್ ಚಂದ್. 1905ರ ಆಗಸ್ಟ್ 29ರಂದು ಅಲಹಾಬಾದಿನಲ್ಲಿ ಹುಟ್ಟಿ, 1922ರಲ್ಲಿ ಬ್ರಿಟಿಷ್ ಭಾರತದ ಸೇನೆಗೆ ಸಾಮಾನ್ಯ ಸಿಪಾಯಿಯಾಗಿ ಸೇರಿ, 1928, 1932 ಹಾಗೂ 1936ರ ಒಲಿಂಪಿಕ್ ಕೂಟಗಳಲ್ಲಿ ಚಿನ್ನ ಗೆದ್ದ ತಂಡಗಳಲ್ಲಿ ಆಡಿ, ಮೂರನೆಯದರಲ್ಲಿ ನಾಯಕರೂ ಆಗಿದ್ದವರು ಅವರು. 1956ರಲ್ಲಿ ಅವರಿಗೆ ಪದ್ಮಭೂಷಣ ಸಂದಿತು. 1979ರ ಡಿಸೆಂಬರ್ 3ರಂದು ದೆಹಲಿಯಲ್ಲಿ ತೀರಿಕೊಂಡರು. ದೆಹಲಿಯ ರಾಷ್ಟ್ರೀಯ ಕ್ರೀಡಾಂಗಣಕ್ಕೂ, 2021ರಿಂದ ದೇಶದ ಅತ್ಯುನ್ನತ ಕ್ರೀಡಾ ಪ್ರಶಸ್ತಿಗೂ ಅವರ ಹೆಸರಿದೆ. ಇಷ್ಟರ ಬಗ್ಗೆ ವಿವಾದವಿಲ್ಲ. ವಿಮರ್ಶಕನ ಕೆಲಸ ಆರಂಭವಾಗುವುದು ಇದರ ಮುಂದೆ.

ಮೊದಲು ಅಂಕಿಗಳನ್ನು ನೋಡಬಹುದು. 1936ರ ಆಗಸ್ಟ್ 15ರಂದು ಬರ್ಲಿನ್ನಿನಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಭಾರತವು ಜರ್ಮನಿಯನ್ನು 8-1ರಿಂದ ಸೋಲಿಸಿತು. ಆ ಎಂಟರಲ್ಲಿ ಧ್ಯಾನ್ ಚಂದ್ ಹೊಡೆದವು ಕೆಲವೆಡೆ ಮೂರೆಂದೂ ಕೆಲವೆಡೆ ಆರೆಂದೂ ಅಚ್ಚಾಗಿವೆ. ಅವರ ಅಂತಾರಾಷ್ಟ್ರೀಯ ಗೋಲುಗಳ ಮೊತ್ತ ಒಂದು ಕಡೆ 400ಕ್ಕೂ ಹೆಚ್ಚು, ಇನ್ನೊಂದು ಕಡೆ 570. ಅಭಿಮಾನಿಯು ದೊಡ್ಡ ಸಂಖ್ಯೆಯನ್ನು ಆರಿಸಿಕೊಳ್ಳುತ್ತಾನೆ. ಅವಸರದ ಬರಹಗಾರನು ಕೈಗೆ ಸಿಕ್ಕಿದ್ದನ್ನು ಆರಿಸಿಕೊಳ್ಳುತ್ತಾನೆ. ವಿಮರ್ಶಕನು ಕೇಳುವ ಪ್ರಶ್ನೆ ಬೇರೆ: ಆ ಕಾಲದ ದೀರ್ಘ ಪ್ರವಾಸಗಳಲ್ಲಿ ಪ್ರಾಂತ್ಯ ತಂಡಗಳ ಎದುರು ಆಡಿದ ಪಂದ್ಯಗಳನ್ನು ಅಂತಾರಾಷ್ಟ್ರೀಯವೆಂದು ಎಣಿಸಿದವರು ಯಾರು, ಬಿಟ್ಟವರು ಯಾರು? ಉತ್ತರ ದೊರೆತಾಗ ಎರಡು ಸಂಖ್ಯೆಗಳ ಜಗಳವು ಎರಡು ಎಣಿಕೆಯ ಕ್ರಮಗಳ ವ್ಯತ್ಯಾಸವಾಗಿ ಕಾಣಬಹುದು. ಹಾಗೆಯೇ 1932ರಲ್ಲಿ ಲಾಸ್ ಏಂಜಲೀಸಿನಲ್ಲಿ ಭಾರತವು ಅಮೆರಿಕವನ್ನು 24-1ರಿಂದ ಸೋಲಿಸಿದ್ದು ನಿಜ. ಅದರಲ್ಲಿ ತಮ್ಮ ರೂಪ್ ಸಿಂಗ್ 10 ಗೋಲುಗಳನ್ನೂ ಧ್ಯಾನ್ ಚಂದ್ 8 ಗೋಲುಗಳನ್ನೂ ಹೊಡೆದರು. ಆದರೆ ಆ ಕೂಟದ ಹಾಕಿಯಲ್ಲಿ ಪಾಲ್ಗೊಂಡ ತಂಡಗಳು ಮೂರೇ, ಭಾರತ, ಜಪಾನ್ ಮತ್ತು ಅಮೆರಿಕ, ಎಂಬ ಮಾತನ್ನು ಸೇರಿಸದಿದ್ದರೆ ಆ ನಿಜವೂ ಅರೆನಿಜವಾಗುತ್ತದೆ. ಇದಕ್ಕೆದುರಾಗಿ 1928ರ ಆಮ್‌ಸ್ಟರ್‌ಡ್ಯಾಮ್ ಕೂಟದಲ್ಲಿ ಭಾರತವು ಐದು ಪಂದ್ಯಗಳಲ್ಲಿ 29 ಗೋಲು ಹೊಡೆದು ಒಂದನ್ನೂ ಬಿಟ್ಟುಕೊಡಲಿಲ್ಲ. ಅವುಗಳಲ್ಲಿ 14 ಧ್ಯಾನ್ ಚಂದ್ ಅವರವು. ಸನ್ನಿವೇಶವನ್ನು ತೂಗಿ ನೋಡಿದವನಿಗೆ ಈ ಎರಡನೆಯ ಸಾಧನೆಯೇ ಹಿರಿದಾಗಿ ಕಂಡರೆ ಆಶ್ಚರ್ಯವಿಲ್ಲ.

ಎರಡನೆಯದು ದಂತಕಥೆಯ ಪ್ರಶ್ನೆ. ಬರ್ಲಿನ್ನಿನಲ್ಲಿ ಹಿಟ್ಲರನು ಧ್ಯಾನ್ ಚಂದ್‌ರನ್ನು ಕರೆಸಿ ಜರ್ಮನಿಯ ಸೇನೆಯಲ್ಲಿ ಉನ್ನತ ಹುದ್ದೆ ಕೊಡುವೆನೆಂದನು, ಅವರು ನಿರಾಕರಿಸಿದರು ಎಂಬ ಕಥೆಯನ್ನು ಕೇಳದ ಭಾರತೀಯ ವಿರಳ. ಆದರೆ 1952ರಲ್ಲಿ ಮದರಾಸಿನಿಂದ ಪ್ರಕಟವಾದ ಅವರ ಆತ್ಮಕಥೆ ‘ಗೋಲ್’ನಲ್ಲಿ ಈ ಪ್ರಸಂಗವಿಲ್ಲ. ಕೊಡಬಂದ ಹುದ್ದೆಯೂ ಹೇಳುವವರೊಡನೆ ಬದಲಾಗುತ್ತದೆ: ಒಬ್ಬರಲ್ಲಿ ಕರ್ನಲ್, ಇನ್ನೊಬ್ಬರಲ್ಲಿ ಫೀಲ್ಡ್ ಮಾರ್ಷಲ್. ವಿಯೆನ್ನಾದಲ್ಲಿ ನಾಲ್ಕು ಕೈ, ನಾಲ್ಕು ಕೋಲುಗಳ ಅವರ ಪ್ರತಿಮೆಯಿದೆ ಎಂಬ ಮಾತೂ ಇಂಥದೇ. ಅಂಥ ಪ್ರತಿಮೆಗೆ ನಂಬಲರ್ಹವಾದ ಸಾಕ್ಷ್ಯ ದೊರೆತಿಲ್ಲ. ಪಾಠಾಂತರಗಳ ಅಭ್ಯಾಸವಿರುವ ಕನ್ನಡ ವಿದ್ಯಾರ್ಥಿಗೆ ಇದರ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ. ಮೂಲದಲ್ಲಿ ಕಾಣದ, ಪ್ರತಿಯಿಂದ ಪ್ರತಿಗೆ ಬೆಳೆಯುತ್ತ ಹೋಗುವ ಪದ್ಯವನ್ನು ಕಂಡಾಗ ಸಂಪಾದಕನು ಏನು ಮಾಡುತ್ತಾನೋ ಇಲ್ಲಿಯೂ ಅದನ್ನೇ ಮಾಡಬೇಕು. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದಿ ಪರೀಕ್ಷೆ ಬರೆದವರು ಸಹವಿಮರ್ಶೆಯ ತತ್ತ್ವವನ್ನು ಅರ್ಧ ಕಲಿತಂತೆಯೇ ಸರಿ.

ಹಾಗೆಂದು ದಂತಕಥೆಯನ್ನು ಕಿತ್ತೆಸೆಯಬೇಕೆ? ಇಲ್ಲಿ ಸಹವಿಮರ್ಶೆಯ ಮೇಲೆ ಬರುವ ಒಂದು ಆಕ್ಷೇಪವು ವಿಚಾರಾರ್ಹವಾದುದು. ಲಿಖಿತ ಆಕರವನ್ನೇ ಕೇಳುವ ನಿಯಮವು, ಬರೆದಿಡಲು ಅವಕಾಶವಿಲ್ಲದವರಿಗೆ ಅನ್ಯಾಯ ಮಾಡುತ್ತದೆ. ವಸಾಹತು ಸೇನೆಯ ದೇಶೀಯ ಸಿಪಾಯಿಯ ದಾಖಲೆಯನ್ನು ಇಟ್ಟವನು ಅವನನ್ನು ಆಳಿದವನು. ಸಿಪಾಯಿಯ ನೆನಪು ಬಾಯಿಮಾತಿನಲ್ಲಿಯೇ ಉಳಿಯಿತು. ಈ ಆಕ್ಷೇಪದಲ್ಲಿ ಹುರುಳಿದೆ. ಆದರೆ ಇದಕ್ಕೆ ಪರಿಹಾರವು ಬಾಯಿಮಾತನ್ನು ದಾಖಲೆಯ ಸ್ಥಾನದಲ್ಲಿ ಕೂರಿಸುವುದಲ್ಲ. ಅದಕ್ಕೆ ಅದರದೇ ಸ್ಥಾನವನ್ನು ಕೊಡುವುದು. ನಮ್ಮ ಜಾನಪದ ವಿದ್ವಾಂಸರು ಲಾವಣಿಗಳನ್ನು ಸುಳ್ಳೆಂದು ಎಸೆಯಲೂ ಇಲ್ಲ, ಗೆಜೆಟಿಯರ್ ಎಂದು ಓದಲೂ ಇಲ್ಲ. ಹಿಟ್ಲರನ ಕಥೆ 1936ರ ಬರ್ಲಿನ್ನಿಗೆ ಸಾಕ್ಷ್ಯವಾಗದಿರಬಹುದು. ಪರಾಧೀನ ನಾಡಿನ ಕೆಳದರ್ಜೆಯ ಸೈನಿಕನೊಬ್ಬನು ಜಗತ್ತಿನ ಸರ್ವಾಧಿಕಾರಿಯ ಮುಂದೆ ತಲೆಯೆತ್ತಿ ‘ಒಲ್ಲೆ’ ಎನ್ನಬೇಕೆಂಬ ಜನದ ಹಂಬಲಕ್ಕೆ ಅದು ಬಲವಾದ ಸಾಕ್ಷ್ಯ. ಆ ಕಥೆ ಮೊದಲು ಅಚ್ಚಾದುದು ಯಾವಾಗ, ಎಲ್ಲಿ ಎಂದು ಹುಡುಕಿ, ‘ಜನಮನದಲ್ಲಿ’ ಎಂಬ ಪ್ರತ್ಯೇಕ ಭಾಗದಲ್ಲಿ ಅದನ್ನಿಟ್ಟರೆ ಇತಿಹಾಸಕ್ಕೂ ಜನಪದಕ್ಕೂ ನ್ಯಾಯ ಸಲ್ಲುತ್ತದೆ.

ಇನ್ನೊಂದು ದೋಷವು ಬರೆದುದರಲ್ಲಿಲ್ಲ, ಬಿಟ್ಟುದರಲ್ಲಿದೆ. ಸೈನಿಕ ಕ್ರೀಡಾಳುವಿನ ಚರಿತ್ರೆಯಲ್ಲಿ ಸೈನಿಕನು ಬಹುಬೇಗ ಮರೆಯಾಗುತ್ತಾನೆ. ‘ಮೇಜರ್’ ಎಂಬ ಬಿರುದು ಉಳಿಯುತ್ತದೆ. ಬಡ್ತಿಗಳು ಯಾವ ವರ್ಷ ಬಂದವು, ರೆಜಿಮೆಂಟಿನಲ್ಲಿ ಮಾಡಿದ ಕೆಲಸವೇನು, ಆಟಕ್ಕೆ ರಜೆ ಹೇಗೆ ಸಿಗುತ್ತಿತ್ತು ಎಂಬುದನ್ನು ಯಾರೂ ಕೇಳುವುದಿಲ್ಲ. 1932ರ ಒಲಿಂಪಿಕ್‌ಗೆ ಮುನ್ನ ನಡೆದ ಪ್ರಾಂತ್ಯಗಳ ನಡುವಣ ಆಯ್ಕೆಪಂದ್ಯಗಳಿಗೆ ಧ್ಯಾನ್ ಚಂದ್‌ಗೆ ಸೇನೆಯಿಂದ ರಜೆ ದೊರೆಯಲಿಲ್ಲ; ಹಾಕಿ ಒಕ್ಕೂಟವು ಆ ಪಂದ್ಯಗಳಿಲ್ಲದೆಯೇ ಅವರನ್ನು ಆರಿಸಬೇಕಾಯಿತು. ಒಂದು ಜೀವನದ ಎರಡು ಅಧಿಕಾರಗಳ ಜಗ್ಗಾಟವನ್ನು ತೋರಿಸುವ ಈ ಸಂಗತಿಯು ಹತ್ತು ವಿಶೇಷಣಗಳಿಗಿಂತ ಹೆಚ್ಚನ್ನು ಹೇಳುತ್ತದೆ.

ಓಟಗಾರ ಮಿಲ್ಖಾ ಸಿಂಗರ ವಿಷಯದಲ್ಲಿಯೂ ಇದೇ ಪಾಠ. ದೇಶವಿಭಜನೆಯ ಹಿಂಸೆಯಲ್ಲಿ ಬಂಧುಗಳನ್ನು ಕಳೆದುಕೊಂಡು ಬಂದ ಅವರು ಓಟವನ್ನು ಕಲಿತದ್ದು ಸೇನೆಯಲ್ಲಿ, ಸಿಕಂದರಾಬಾದಿನ ಇ.ಎಂ.ಇ. ಕೇಂದ್ರದಲ್ಲಿ. 1960ರ ರೋಮ್ ಒಲಿಂಪಿಕ್‌ನ 400 ಮೀಟರ್ ಓಟದಲ್ಲಿ ಅವರು ನಾಲ್ಕನೆಯವರಾದರು. ಅವರ ಕಾಲ ಒಂದೆಡೆ 45.6 ಸೆಕೆಂಡ್, ಇನ್ನೊಂದೆಡೆ 45.73. ಇವೆರಡೂ ಸರಿ, ಮೊದಲನೆಯದು ಕೈಗಡಿಯಾರದ ಎಣಿಕೆ, ಎರಡನೆಯದು ವಿದ್ಯುತ್ ಯಂತ್ರದ್ದು. ಈ ಒಂದು ವಾಕ್ಯವನ್ನು ಬರೆಯದಿದ್ದರೆ, 1998ರಲ್ಲಿ ಪರಂಜೀತ್ ಸಿಂಗ್ ಕಲ್ಕತ್ತದಲ್ಲಿ 45.70 ಸೆಕೆಂಡಿನಲ್ಲಿ ಓಡಿದಾಗ ರಾಷ್ಟ್ರೀಯ ದಾಖಲೆ ಮುರಿಯಿತೋ ಇಲ್ಲವೋ ಎಂದು ಎದ್ದ ವಿವಾದವು ಓದುಗನಿಗೆ ಅರ್ಥವೇ ಆಗದು. ಅವರ ಹುಟ್ಟಿದ ವರ್ಷವೂ ದಾಖಲೆಗಳಲ್ಲಿ 1929 ಎಂದೂ 1935 ಎಂದೂ ಇದೆ. ಒಂದನ್ನು ಅಳಿಸಿ ಇನ್ನೊಂದನ್ನು ಉಳಿಸುವುದು ನಿರ್ಣಯವಲ್ಲ. ಎರಡನ್ನೂ ಅವುಗಳ ಆಕರದೊಡನೆ ಕೊಡುವುದು ಪ್ರಾಮಾಣಿಕತೆ.

ಕನ್ನಡ ವಿದ್ವತ್ತಿಗೆ ಈ ಕ್ರಮ ಹೊಸದಲ್ಲ. ಸೈನಿಕನ ಜೀವನಚರಿತ್ರೆಯನ್ನು ಕಲ್ಲಿನಲ್ಲಿ ಕೆತ್ತಿದ ನಾಡು ಇದು. ಹತ್ತನೆಯ ಶತಮಾನದ ಆತಕೂರಿನ ಶಾಸನವು ಮಣಲೇರನ ಪರಾಕ್ರಮವನ್ನೂ, ಅವನು ದೊರೆಯಿಂದ ಬೇಡಿ ಪಡೆದ ಕಾಳಿ ಎಂಬ ನಾಯಿಯು ಹಂದಿಯೊಡನೆ ಹೋರಾಡಿ ಮಡಿದುದನ್ನೂ ದಾಖಲಿಸುತ್ತದೆ. ಅದೇ ಶಾಸನವು ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಗಂಗ ಬೂತುಗನು ಕೊಂದನೆನ್ನುತ್ತದೆ; ಚೋಳರ ಲೈಡನ್ ತಾಮ್ರಪಟವು ರಾಜಾದಿತ್ಯನು ಆನೆಯ ಮೇಲೆ ಹಗೆಯ ಬಾಣ ತಗಲಿ ಮಡಿದನೆನ್ನುತ್ತದೆ. ಗೆದ್ದವರ ಕಲ್ಲು ಒಂದು ಬಗೆಯಾಗಿ, ಸೋತವರ ತಾಮ್ರ ಇನ್ನೊಂದು ಬಗೆಯಾಗಿ ನುಡಿಯುತ್ತದೆ. ಎರಡನ್ನೂ ಓದಿ ತೂಗಿದ್ದರಿಂದ ಮಣಲೇರನ ಗೌರವಕ್ಕಾಗಲಿ ಶಾಸನದ ಬೆಲೆಗಾಗಲಿ ಕುಂದುಂಟಾಗಲಿಲ್ಲ. ಸಾವಿರ ವರ್ಷದ ಹಿಂದಿನ ವೀರನ ವಿಷಯದಲ್ಲಿ ತೋರುವ ಎಚ್ಚರವನ್ನು ನೂರು ವರ್ಷದ ಹಿಂದಿನ ವೀರನ ವಿಷಯದಲ್ಲಿ ತೋರದಿರಲು ಕಾರಣವಿಲ್ಲ.

ಯಾರಾದರೂ ಅಳಿಸಬಹುದಾದ ಬರಹಕ್ಕೆ ವಿದ್ವಾಂಸರು ಏಕೆ ಕಾಲ ವ್ಯಯಿಸಬೇಕೆಂದು ಕೇಳುವವರಿದ್ದಾರೆ. ಓದುಗರು ಮೊದಲು ತೆರೆಯುವ ಪುಟ ಇಂದು ಅದೇ ಆಗಿರುವುದರಿಂದ ಎಂಬುದು ಇದಕ್ಕೆ ಉತ್ತರ. ಆಧಾರವಿಲ್ಲದ ಸಾಲೊಂದು ಅಲ್ಲಿ ಸೇರುತ್ತದೆ. ಪತ್ರಿಕೆಯು ಅದನ್ನು ಎತ್ತಿಕೊಳ್ಳುತ್ತದೆ. ಕೆಲಕಾಲದ ಮೇಲೆ ಅದೇ ಪತ್ರಿಕೆಯನ್ನು ಆ ಸಾಲಿಗೆ ಆಕರವೆಂದು ತೋರಿಸಲಾಗುತ್ತದೆ. ಹೀಗೆ ಸುಳ್ಳು ತನ್ನ ನೆರಳನ್ನೇ ಸಾಕ್ಷಿಗೆ ನಿಲ್ಲಿಸುತ್ತದೆ. ಚಲನಚಿತ್ರಗಳಿಂದ ಈ ಅಪಾಯ ಇನ್ನೂ ಹೆಚ್ಚಿದೆ. ಮಿಲ್ಖಾ ಸಿಂಗರ ಬಾಳನ್ನು ಆಧರಿಸಿ 2013ರಲ್ಲಿ, 1965ರ ಯುದ್ಧದಲ್ಲಿ ಗಾಯಗೊಂಡು 1972ರ ಹೈಡೆಲ್‌ಬರ್ಗ್ ಪ್ಯಾರಾಲಿಂಪಿಕ್ ಈಜಿನಲ್ಲಿ ಚಿನ್ನ ಗೆದ್ದ ಮುರಳೀಕಾಂತ ಪೇಟ್ಕರರ ಬಾಳನ್ನು ಆಧರಿಸಿ 2024ರಲ್ಲಿ ಹಿಂದಿ ಚಿತ್ರಗಳು ಬಂದವು. ಚಿತ್ರಕ್ಕೆ ಕಲ್ಪನೆಯ ಸ್ವಾತಂತ್ರ್ಯವಿದೆ, ವಿಶ್ವಕೋಶಕ್ಕಿಲ್ಲ. ಇಂಗ್ಲಿಷಿನಿಂದ ಅನುವಾದವಾಗಿ ಬಂದ ಕನ್ನಡ ಲೇಖನಗಳಲ್ಲಿ ತೊಂದರೆ ಇಮ್ಮಡಿ: ಮೂಲದಲ್ಲಿ ಆಮೇಲೆ ತಿದ್ದಿದ ತಪ್ಪು ಇಲ್ಲಿ ತಿದ್ದುವವರಿಲ್ಲದೆ ಉಳಿದುಬಿಡಬಹುದು.

ಈ ಕೆಲಸಕ್ಕೆ ಹೊರನಾಡಿನ ಕನ್ನಡ ವಿಭಾಗಗಳು ವಿಶೇಷವಾಗಿ ಅರ್ಹವಾಗಿವೆ. ‘ಗೋಲ್’ ಅಚ್ಚಾದುದು ಚೆನ್ನೈಯಲ್ಲಿ. ಮಿಲ್ಖಾ ಓಡಲು ಕಲಿತದ್ದು ಹೈದರಾಬಾದಿನ ಮಗ್ಗುಲಲ್ಲಿ. ಪೇಟ್ಕರರ ಬಗೆಗಿನ ಬರಹಗಳನ್ನು ಓದಲು ಬೇಕಾದ ಮರಾಠಿ ಮುಂಬಯಿ ಪುಣೆಗಳ ಕನ್ನಡಿಗರಿಗೆ ದಿನಬಳಕೆಯ ಭಾಷೆ. ರಾಷ್ಟ್ರೀಯ ಅಭಿಲೇಖಾಲಯವಿರುವುದು ದೆಹಲಿಯಲ್ಲಿ. ಎರಡು ಮೂರು ಭಾಷೆಗಳಲ್ಲಿ ಓದಬಲ್ಲ, ಆಕರಗಳ ಬಾಗಿಲಲ್ಲೇ ವಾಸಿಸುವ ವಿದ್ಯಾರ್ಥಿಗಳು ಇಲ್ಲಿದ್ದಾರೆ. ಸ್ನಾತಕೋತ್ತರ ತರಗತಿಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ಅರ್ಧವರ್ಷಕ್ಕೆ ಒಂದು ಜೀವನಚಿತ್ರವನ್ನು ಸಹವಿಮರ್ಶೆ ಮಾಡುವುದನ್ನು ಅಭ್ಯಾಸದ ಅಂಗವಾಗಿಸಬಹುದು. ಪ್ರತಿ ವಾಕ್ಯಕ್ಕೂ ಆಕರವನ್ನು ಹುಡುಕುವುದು, ಸಿಗದ ಕಡೆ ಸಿಗಲಿಲ್ಲವೆಂದು ಗುರುತುಹಾಕುವುದು, ಬಂದ ಪ್ರತ್ಯುತ್ತರಕ್ಕೆ ಸೌಜನ್ಯದಿಂದ ವಾದ ಹೂಡುವುದು, ಇವು ಸಂಶೋಧನೆಯ ಮೊದಲ ಮೆಟ್ಟಿಲುಗಳೇ ಆಗಿವೆ. ಅಲ್ಪವಿರಾಮಗಳ ಜಗಳದಲ್ಲಿ ವಿಮರ್ಶೆ ಮುಗಿದುಹೋಗದಂತೆ ನೋಡಿಕೊಳ್ಳುವುದು ಅಧ್ಯಾಪಕರ ಹೊಣೆ.

ವೀರನನ್ನು ಪೂಜಿಸುವವನಿಗೆ ಅವನ ಬಗ್ಗೆ ಹೊಸದಾಗಿ ತಿಳಿಯಬೇಕಾದುದೇನೂ ಇರುವುದಿಲ್ಲ. ಆಧಾರ ಕೇಳುವವನಿಗೆ ಮಾತ್ರ ಆ ಬಾಳಿನ ಒಂದೊಂದು ದಿನವೂ ಬೆಲೆಯುಳ್ಳದ್ದು. ಒರೆಗಲ್ಲಿಗೆ ತಿಕ್ಕಿದ್ದರಿಂದ ಚಿನ್ನ ಸವೆಯಿತೆಂದು ಯಾವ ಅಕ್ಕಸಾಲಿಗನೂ ಮರುಗುವುದಿಲ್ಲ. ಬರ್ಲಿನ್ನಿನಲ್ಲಿ ಗೋಲು ಆರಿರಲಿ, ಮೂರಿರಲಿ, ಧ್ಯಾನ್ ಚಂದರ ಚಿನ್ನ ಚಿನ್ನವೇ. ಒರೆಗೆ ಹಚ್ಚಬೇಕಾದುದು ಅವರ ಬಗ್ಗೆ ಬರೆಯುವವರ ಮಾತು.