ಜೂಗೆ ನೂರಿಪ್ಪತ್ತೈದು

ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯಕ್ಕೆ 2017ರಲ್ಲಿ 125 ತುಂಬಿತು. ಹತ್ತನೆಯ ಚಾಮರಾಜೇಂದ್ರ ಒಡೆಯರು 1892ರಲ್ಲಿ ಶುರುಮಾಡಿದಾಗ ಅದು ಸುಮಾರು ಹತ್ತು ಎಕರೆಯ, ಅರಮನೆಯವರಿಗಷ್ಟೇ ಸೇರಿದ ತೋಟ. ಊರಿನವರಿಗೆ ಬಾಗಿಲು ತೆರೆದದ್ದು 1902ರಲ್ಲಿ. ಅದನ್ನು ಕಾಣಲು ಅರಸರು ಇರಲಿಲ್ಲ. 1894ರ ಡಿಸೆಂಬರಿನಲ್ಲೇ ಕಲ್ಕತ್ತೆಯಲ್ಲಿ ತೀರಿಕೊಂಡಿದ್ದರು. 1909ರಲ್ಲಿ ಜೂಗೆ ಅವರ ಹೆಸರಿಟ್ಟರು.

ಮುಂದಿನದು ಕಡತಗಳಲ್ಲಿದೆ: 1948ರಲ್ಲಿ ಉದ್ಯಾನ ಇಲಾಖೆಗೆ, 1972ರಲ್ಲಿ ಅರಣ್ಯ ಇಲಾಖೆಗೆ, 1979ರಲ್ಲಿ ಮೃಗಾಲಯಗಳಿಗೆಂದೇ ರಚಿಸಿದ ಪ್ರಾಧಿಕಾರಕ್ಕೆ. ದೇಶದಲ್ಲಿ ಅಂಥ ಪ್ರಾಧಿಕಾರ ಅದೇ ಮೊದಲು. ಆದರೆ ಬೆಳಗಾಗುತ್ತಲೇ ಬೋನು ತೊಳೆದು, ಮೇವು ಹಾಕಿ, ಪ್ರಾಣಿಯ ಮುಖ ನೋಡಿಯೇ ಅದಕ್ಕೆ ಮೈ ಸರಿಯಿಲ್ಲವೆಂದು ತಿಳಿಯುತ್ತಿದ್ದವರ ವಿಷಯ ಯಾವ ಕಡತದಲ್ಲೂ ಸಿಗುವುದು ಕಷ್ಟ. ಈ ಹಬ್ಬದ ಮೊದಲ ಮರ್ಯಾದೆ ಆ ಪ್ರಾಣಿಪಾಲಕರಿಗೆ, ಮಾವುತರಿಗೆ, ಕಾವಾಡಿಗಳಿಗೆ ಸಲ್ಲಬೇಕು ಎಂಬುದು ನಮ್ಮ ದೃಢ ಅಭಿಪ್ರಾಯ.

ಪೋಲೋನನ್ನು ನೆನೆಯಿರಿ. 1995ರಲ್ಲಿ ಡಬ್ಲಿನ್‌ನಿಂದ ಬಂದ ಗೊರಿಲ್ಲಾ. ಕೊನೆಕೊನೆಗೆ ಇಡೀ ಭಾರತದಲ್ಲಿ ತನ್ನ ಜಾತಿಯ ಇನ್ನೊಂದು ಜೀವವಿಲ್ಲದೆ, 2014ರಲ್ಲಿ ಸಾಯುವವರೆಗೂ ಒಂಟಿಯಾಗಿ ಬದುಕಿದ. ನಾವು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಅವನನ್ನು ನೋಡಿ ಬಂದೆವು. ಅವನಿಗೆ ದಿನವೂ ಜೊತೆಯಾಗಿದ್ದವರು ಅನ್ನ-ನೀರು ನೋಡಿಕೊಂಡ ಪಾಲಕರು ಮಾತ್ರ. ಅವರ ಅಕ್ಕರೆ ದೊಡ್ಡದು, ಆದರೂ ಅದು ಇನ್ನೊಂದು ಗೊರಿಲ್ಲಾದ ಸಂಗಕ್ಕೆ ಸಮವಲ್ಲ. ಜೊತೆ ಒದಗಿಸಲಾಗದ ಪ್ರಾಣಿಯನ್ನು ಸಾಗರದಾಚೆಯಿಂದ ತರಬಾರದು. ಸಂಭ್ರಮದ ನಡುವೆಯೂ ಇದನ್ನು ಹೇಳದೆ ಇರಲಾರೆವು.

2004ರ ನೋವೂ ಇದೆ. ಗಣೇಶ, ರೂಪಾ, ಕೋಮಲಾ ಎಂಬ ಆನೆಗಳು ಕೆಲವೇ ವಾರಗಳ ಅಂತರದಲ್ಲಿ ಸತ್ತವು. ವಿಷದ ಸುದ್ದಿ ಹಬ್ಬಿ, ಮೈಸೂರು ತನ್ನ ಮನೆಯವರನ್ನೇ ಕಳೆದುಕೊಂಡಂತೆ ದುಃಖಿಸಿತು. ಜೂ ಆಡಳಿತದ್ದಷ್ಟೇ ಅಲ್ಲ, ತಮ್ಮದೂ ಹೌದು ಎಂದು ಊರಿನವರು ಅಂದು ತೋರಿಸಿಕೊಟ್ಟರು. ಇಂದು ಹುಟ್ಟುಹಬ್ಬದ ದಿನ ಪ್ರಾಣಿಯೊಂದನ್ನು ದತ್ತು ಪಡೆದು ಅದರ ಆಹಾರದ ಖರ್ಚು ಹೊರುವ ಸಂಸಾರಗಳಲ್ಲಿ ಅದೇ ಕಳಕಳಿ ಕಾಣುತ್ತದೆ. ಕಾರಂಜಿ ಕೆರೆಯೂ ಸೇರಿ ಇವತ್ತು ಜೂ 150 ಎಕರೆ ದಾಟಿದೆ. ಸರಳುಗಳ ಬದಲು ಕಂದಕ, ಮರದ ನೆರಳು, ಓಡಾಡಲು ಜಾಗ: ಇಷ್ಟು ಸಿಕ್ಕ ಪ್ರಾಣಿಗಳು ಇಲ್ಲಿ ಹಲವು. ಎಲ್ಲಕ್ಕೂ ಸಿಗಲಿ.

ಈ ಸಂಚಿಕೆಯಿಂದ ಆರಂಭಿಸಿ ಪ್ರತಿ ತಿಂಗಳೂ ಎರಡು ಪುಟಗಳನ್ನು ಪಾಲಕರ ನೆನಪುಗಳಿಗೆ ಮೀಸಲಿಡುತ್ತಿದ್ದೇವೆ. ನಿಮ್ಮ ಮನೆಯಲ್ಲಿ ಅಜ್ಜನೋ ಅಪ್ಪನೋ ಜೂನಲ್ಲಿ ಕೆಲಸ ಮಾಡಿದ್ದರೆ ಅವರಿಂದ ಕೇಳಿ ಬರೆದು ಕಳಿಸಿ. ಬರೆಯಲು ಬಾರದವರ ಮನೆಗೆ ನಾವೇ ಬರುತ್ತೇವೆ. ಮಂಗಳವಾರ ಜೂಗೆ ರಜೆ. ಈಗಲೂ ಕೆಲಸದಲ್ಲಿರುವವರಿಗೆ ಅಂದು ಬಿಡುವಾದರೆ ಅಂದೇ ಆಗಲಿ.