ತವರಿನ ಹೆಸರು ಎಲ್ಲಿ ಹೋಯಿತು?



ಮದುವೆಯಾದ ಮೇಲೆ ನಮ್ಮಲ್ಲಿ ಎಷ್ಟೋ ಜನರ ಹೆಸರಿನ ಇನಿಷಿಯಲ್ಲು ಬದಲಾಗುತ್ತದೆ. ಆಗ ಯಾರೂ ಅದಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ. ಮುಂದೆ ಮೊಮ್ಮಕ್ಕಳು ಅಜ್ಜಿಯ ತವರನ್ನು ಹುಡುಕಲು ಹೊರಟಾಗ ಅಲ್ಲವೇ ಫಜೀತಿ? ಇಂಗ್ಲಿಷರಿಗೂ ಚೀನೀಯರಿಗೂ ಇದೇ ಪಾಡು. ಅಪ್ಪ ಚೀನೀಯ, ಅಮ್ಮ ಇಂಗ್ಲಿಷಿನವಳು ಎನ್ನುವ ಮನೆಯಲ್ಲಂತೂ ಕೇಳಲೇಬೇಡಿ.

ಇಂಗ್ಲೆಂಡಿನಲ್ಲಿ ಮನೆತನದ ಹೆಸರು ಕೊನೆಗೆ ಬರುತ್ತದೆ. ಸ್ಮಿತ್ ಎಂದರೆ ಕಮ್ಮಾರ, ಬೇಕರ್ ಎಂದರೆ ಬ್ರೆಡ್ ಸುಡುವವ, ಜಾನ್ಸನ್ ಎಂದರೆ ಜಾನನ ಮಗ. (ಜಾನನ ಮಗಳೂ ಜಾನ್ಸನ್ನೇ, ನೋಡಿ!) ಅಲ್ಲಿ ದಾಖಲೆಗಳಿಗೆ ಬರವಿಲ್ಲ. ದೀಕ್ಷಾಸ್ನಾನ, ಮದುವೆ, ಮಣ್ಣು ಮಾಡಿದ್ದು ಎಲ್ಲವನ್ನೂ ಚರ್ಚಿನಲ್ಲಿ ಬರೆದಿಡಬೇಕೆಂದು 1538ರಲ್ಲೇ ಆಜ್ಞೆಯಾಯಿತು. 1837ರಿಂದ ಸರ್ಕಾರಿ ನೋಂದಣಿಯೂ ಬಂತು. ಆದರೆ ಆ ಮದುವೆ ಪತ್ರದಲ್ಲಿ ವಧೂವರರ ತಂದೆಯರ ಹೆಸರು, ಕಸುಬು ಮಾತ್ರ. ತಾಯಿಯ ಹೆಸರಿಗೆ ಜಾಗ ಸಿಕ್ಕಿದ್ದು 2021ರ ಮೇ ತಿಂಗಳಲ್ಲಿ! ಹೆತ್ತವಳಿಗೆ ಒಂದು ಸಾಲು ಕೊಡಲು 184 ವರ್ಷ ಬೇಕಾಯಿತು ಅಂದರೆ ಏನು ಹೇಳೋಣ?

ಚೀನಾದಲ್ಲಿ ಮನೆತನದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ಅಲ್ಲಿಯ ಹೆಂಗಸು ಮದುವೆಯಾದರೂ ತವರಿನ ಹೆಸರು ಬಿಡುವುದಿಲ್ಲ. ಪರವಾಗಿಲ್ಲವೇ ಅಂದುಕೊಳ್ಳಬೇಡಿ. ಮನೆತನಗಳು ತಲೆಮಾರಿನಿಂದ ತಲೆಮಾರಿಗೆ ಬರೆದಿಟ್ಟ ವಂಶಾವಳಿ ಪುಸ್ತಕಗಳಲ್ಲಿ ಗಂಡಸರ ಹೆಸರು ಸಾಲು ಸಾಲಾಗಿದ್ದರೆ, ಸೊಸೆಯಂದಿರನ್ನು ಬಹಳ ಕಡೆ ‘ಚೆನ್ ಮನೆತನದವಳು’ ಎಂದಷ್ಟೇ ಬರೆದು ಮುಗಿಸಿದ್ದಾರೆ. ಹೆಣ್ಣುಮಕ್ಕಳನ್ನು ಎಷ್ಟೋ ಸಲ ಬರೆದೇ ಇಲ್ಲ. ಕನ್‌ಫ್ಯೂಷಿಯಸ್ ವಂಶದ ಪುಸ್ತಕದಲ್ಲಿ 20 ಲಕ್ಷಕ್ಕೂ ಹೆಚ್ಚು ಹೆಸರುಗಳಿವೆ. ಅದರಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶ ಸಿಕ್ಕಿದ್ದು 2009ರ ಆವೃತ್ತಿಯಲ್ಲೇ.

ಈ ಎರಡು ಪದ್ಧತಿ ಒಂದೇ ಮನೆಯಲ್ಲಿ ಕೂಡಿದ್ದು ಲಿವರ್‌ಪೂಲ್ ಬಂದರಿನಲ್ಲಿ. 1860ರ ದಶಕದಿಂದ ಹಡಗುಗಳಲ್ಲಿ ದುಡಿಯಲು ಬಂದ ಚೀನೀ ನಾವಿಕರು ಅಲ್ಲಿಯ ಹುಡುಗಿಯರನ್ನು ಮದುವೆಯಾಗಿ ನೆಲೆ ನಿಂತರು. ಗುಮಾಸ್ತ ಹೆಸರಿನ ಕೊನೆಯ ಪದವನ್ನೇ ಮನೆತನವೆಂದು ಬರೆದುಕೊಂಡರೆ ಅಪ್ಪನ ಸ್ವಂತ ಹೆಸರೇ ಮಕ್ಕಳ ಮನೆತನವಾಗಿಬಿಡುತ್ತಿತ್ತು. ಸಾಲದ್ದಕ್ಕೆ ಚೀನೀ ಲಿಪಿಯ ಒಂದೇ ಅಕ್ಷರ ಬೀಜಿಂಗ್ ಕಡೆಯವರ ಬಾಯಲ್ಲಿ ಚೆನ್, ಕ್ಯಾಂಟನ್ನಿನವರ ಬಾಯಲ್ಲಿ ಚಾನ್, ಫುಜಿಯಾನ್ ಕಡೆಯವರಲ್ಲಿ ತಾನ್!

ಚೀನೀಯನ ಕೈ ಹಿಡಿದ ಇಂಗ್ಲಿಷ್ ಹೆಣ್ಣು ತವರಿನ ಹೆಸರಷ್ಟೇ ಅಲ್ಲ, ಬ್ರಿಟಿಷ್ ಪೌರತ್ವವನ್ನೂ ಕಳೆದುಕೊಳ್ಳುತ್ತಿದ್ದಳು. ಹುಟ್ಟಿದೂರಿನಲ್ಲೇ ಪರದೇಶಿ! ಈ ಕಾನೂನು ಹೋಗಿದ್ದು 1949ರ ಜನವರಿಯಿಂದ. ಅಷ್ಟರಲ್ಲಿ ಅನಾಹುತ ಆಗಿಹೋಗಿತ್ತು. ಎರಡನೆಯ ಮಹಾಯುದ್ಧದಲ್ಲಿ ಪ್ರಾಣ ಒತ್ತೆಯಿಟ್ಟು ದುಡಿದ ಈ ನಾವಿಕರನ್ನು 1945-46ರಲ್ಲಿ ಬ್ರಿಟಿಷ್ ಸರ್ಕಾರ ಬಲವಂತವಾಗಿ ಹಡಗು ಹತ್ತಿಸಿತು. ಹೀಗೆ ಹೋದವರು ಸಾವಿರಕ್ಕೂ ಹೆಚ್ಚು. ಎಷ್ಟೋ ಹೆಂಡಂದಿರಿಗೆ ಸುದ್ದಿಯೇ ಇಲ್ಲ. ಗಂಡ ಕೈಬಿಟ್ಟು ಹೋದ ಎಂದೇ ನಂಬಿ, ಕೂಸುಗಳನ್ನು ಕಟ್ಟಿಕೊಂಡು ಹೇಗೆ ಸಂಸಾರ ತೂಗಿಸಿದರೋ! ಕೆಲವರು ಮರುಮದುವೆಯಾದರು, ಮಕ್ಕಳಿಗೆ ಮಲತಂದೆಯ ಹೆಸರು ಬಂತು. ಅಪ್ಪ ಓಡಿಹೋಗಿರಲಿಲ್ಲ, ಅಟ್ಟಿದ್ದರು ಎಂಬುದು ಆ ಮಕ್ಕಳಲ್ಲಿ ಅನೇಕರಿಗೆ ತಿಳಿದದ್ದು ತಲೆ ನರೆತ ಮೇಲೆ, ಸರ್ಕಾರದ ಹಳೇ ಕಡತಗಳು ಹೊರಬಂದಾಗ. 2006ರಲ್ಲಿ ಬಂದರಿನ ಬಳಿ ಆ ನಾವಿಕರ ನೆನಪಿಗೆ ಒಂದು ಫಲಕ ಹಾಕಿದರು.

ಇಂಥ ಮನೆಯವರು ಹುಡುಕುವುದಾದರೂ ಹೇಗೆ ಅಂತೀರಾ? ಅಮ್ಮನನ್ನು ಹಿಡಿದು ಹೊರಡಬೇಕು. ಇಂಗ್ಲೆಂಡಿನ ಜನನ ಸೂಚಿಯಲ್ಲಿ 1911ರ ಉತ್ತರಾರ್ಧದಿಂದ ತಾಯಿಯ ತವರಿನ ಹೆಸರನ್ನೂ ಸೇರಿಸಿದ್ದಾರೆ. ಅಣ್ಣನಿಗೊಂದು, ತಂಗಿಗೊಂದು ಮನೆತನದ ಹೆಸರಿದ್ದರೂ ಪಕ್ಕದಲ್ಲಿ ಅದೇ ತಾಯಿಯ ತವರು ಕಂಡರೆ ಒಡಹುಟ್ಟಿದವರೇನೋ ಎಂಬ ಸುಳಿವು ಸಿಕ್ಕಿತು. ಅಲ್ಲಿಂದ ಅಪ್ಪ ಅಮ್ಮನ ಮದುವೆ ಪತ್ರ, ಅದರಿಂದ ಅಪ್ಪನ ಹೆಸರು. ಆಮೇಲೆ ಟ್ರಂಕಿನ ತಳದಲ್ಲಿ ಅಪ್ಪ ತನ್ನ ಹೆಸರನ್ನು ಚೀನೀ ಲಿಪಿಯಲ್ಲಿ ಬರೆದ ಒಂದು ಕಾಗದವೋ, ಫೋಟೋದ ಹಿಂಬದಿಯ ಎರಡು ಮೂರು ಅಕ್ಷರವೋ ಸಿಗಬೇಕು. ಇಂಗ್ಲಿಷಿನಲ್ಲಿ ಬರೆದ ಚಾನ್‌ನನ್ನು ಹಿಡಿದು ಚೀನಾಕ್ಕೆ ಹೋದರೆ ಯಾವ ಹಳ್ಳಿಯಲ್ಲಿ ಯಾರನ್ನು ಕೇಳುವುದು? ಆ ಅಕ್ಷರ, ಜೊತೆಗೆ ಊರಿನ ಹೆಸರು ಇದ್ದರೆ ವಂಶಾವಳಿ ಪುಸ್ತಕದ ಸರಿಯಾದ ಪುಟ ತೆರೆಯಬಹುದು.